ಹೊನ್ನಿನ ನಾಗರ, ಹುಲಿಯ ಉಗುರು

ಆಭರಣವನ್ನು ಕುರಿತು ನಮ್ಮಲ್ಲಿ ಬರೆಯುವವರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಕೆಲವರು ತೊಲಕ್ಕೆ ಎಷ್ಟು, ಕಲ್ಲಿಗೆ ಎಷ್ಟು ಎಂಬ ಲೆಕ್ಕಕ್ಕೆ ಇಳಿಯುತ್ತಾರೆ. ಮತ್ತೆ ಕೆಲವರು ಒಡವೆಯೆಲ್ಲ ಮೋಹದ ಮೂಲವೆಂದು ಒಂದೇ ಮಾತಿನಲ್ಲಿ ಮುಗಿಸಿ ವೈರಾಗ್ಯದ ಕಡೆಗೆ ಹೊರಳುತ್ತಾರೆ. ಒಡವೆಯನ್ನು ಒಂದು ಕೃತಿಯೆಂದು ಭಾವಿಸಿ, ಅದನ್ನು ಮಾಡಿದ ಕೈ ಏನನ್ನು ಕಂಡಿತ್ತು, ತೊಟ್ಟವರು ಅದರಿಂದ ಏನನ್ನು ಬಯಸಿದರು ಎಂದು ಕೇಳುವ ವಿಮರ್ಶೆ ಅಪರೂಪ. ಕಾವ್ಯಕ್ಕೂ ಶಿಲ್ಪಕ್ಕೂ ನಾವು ಸಲ್ಲಿಸುವ ಈ ಗೌರವ ಪತ್ತಾರನ ಕೆಲಸಕ್ಕೂ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. ಹಾಗೆ ಸಲ್ಲಿಸಿದರೆ ಮಾತ್ರ ಅದನ್ನು ಮೆಚ್ಚುವುದಕ್ಕೂ ತಿರಸ್ಕರಿಸುವುದಕ್ಕೂ ನಮಗೆ ಅಧಿಕಾರ ಬರುತ್ತದೆ.

ಪ್ರಸ್ತುತ ಲೇಖನದ ವಿಷಯ ಪ್ರಾಣಿರೂಪದ ಹಳೆಯ ಒಡವೆಗಳು. ಹೆರಳಿನ ಮೇಲೆ ಹೆಡೆಯೆತ್ತಿದ ನಾಗರ, ಪದಕದಲ್ಲಿ ಗರಿಗೆದರಿದ ನವಿಲು, ಕಡಗದ ತುದಿಯಲ್ಲಿ ಬಾಯ್ದೆರೆದ ಮಕರ ಅಥವಾ ಸಿಂಹ, ತೋಳನ್ನು ಸುತ್ತಿದ ನಾಗಮುರಿಗೆ, ಕತ್ತಿನಲ್ಲಿ ಎದುರುಬದುರಾಗಿ ನಿಂತ ಜೋಡಿ ಹಂಸ: ಇವು ನಮ್ಮ ಅಜ್ಜಿಯರ ಕಾಲದಲ್ಲಿ ಪೆಟ್ಟಿಗೆಯಲ್ಲಿದ್ದವು, ಇಂದು ಹುಬ್ಬಳ್ಳಿ–ಧಾರವಾಡದ ದೊಡ್ಡ ಅಂಗಡಿಗಳ ಗಾಜಿನ ಹಿಂದೆ ‘ಆಂಟಿಕ್’, ‘ಟೆಂಪಲ್’ ಎಂಬ ಹೆಸರು ಹೊತ್ತು ಮತ್ತೆ ಕುಳಿತಿವೆ. ಹೂವು ಬಳ್ಳಿಗಳ ವಿನ್ಯಾಸ ಒಂದೊಂದು ತಲೆಮಾರಿಗೆ ಬದಲಾಯಿತು. ಮದುವೆಯ ಸರಗಳ ಉದ್ದ ಹೆಚ್ಚಿತು, ಕುಗ್ಗಿತು. ಆದರೆ ಪ್ರಾಣಿಗಳು ಮಾತ್ರ ತಮ್ಮ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ. ಅಹಿಂಸೆಯನ್ನು ಮಾತಿನಲ್ಲಾದರೂ ಒಪ್ಪಿಕೊಂಡ ನಮ್ಮಂಥವರ ಮನೆಗಳಲ್ಲಿಯೂ ಅವು ಅಷ್ಟೇ ಸಲುಗೆಯಿಂದ ಉಳಿದಿವೆ. ಈ ಆಕರ್ಷಣೆ ಎಲ್ಲಿಂದ ಬಂತು, ಅದು ಎಷ್ಟರ ಮಟ್ಟಿಗೆ ನಿರ್ದೋಷವಾದದ್ದು ಎಂಬುದನ್ನು ವಿಚಾರಿಸಬೇಕಾಗಿದೆ.

ಮೊದಲು ಕಸುಬಿನ ಕಡೆಯಿಂದಲೇ ನೋಡೋಣ. ಒಡವೆಯೆಂದರೆ ಮೈಗೆ ಹೊಂದಿಕೊಳ್ಳಬೇಕಾದ ಲೋಹ. ಅದು ಬಳುಕಬೇಕು, ಸುತ್ತಬೇಕು, ತುದಿಗೆ ತುದಿ ಕೂಡಬೇಕು, ಬೇಕೆಂದಾಗ ಬಿಚ್ಚಿಕೊಳ್ಳಬೇಕು. ಲೋಹದ ಸ್ವಭಾವಕ್ಕೆ ಇದಾವುದೂ ಸಹಜವಲ್ಲ. ಈ ತೊಡಕುಗಳಿಗೆಲ್ಲ ಪ್ರಾಣಿಯ ದೇಹದಲ್ಲಿ ಸಿದ್ಧವಾದ ಉತ್ತರಗಳಿವೆ ಎಂಬುದನ್ನು ಹಳೆಯ ಅಕ್ಕಸಾಲಿಗರು ಕಂಡುಕೊಂಡಿದ್ದರು. ಹಾವಿನ ಮೈ ತಾನೇ ಒಂದು ಸರಪಳಿ. ತೋಳನ್ನು ಸುತ್ತುವುದಕ್ಕೆ ಅದಕ್ಕಿಂತ ಒಪ್ಪುವ ಆಕಾರ ಬೇರೊಂದಿಲ್ಲ. ಕಡಗಕ್ಕೆ ಒಂದು ಬಾಯಿ ಇರಲೇಬೇಕು, ಇಲ್ಲವಾದರೆ ಅದು ಕೈಗೆ ಏರುವುದಿಲ್ಲ. ಆ ಬಾಯಿಯ ಎರಡು ತುದಿಗಳಿಗೆ ಎರಡು ಮಕರಗಳ ಮೊಗವನ್ನಿಟ್ಟು, ಅವುಗಳ ನಡುವೆ ತಿರುಪನ್ನು ಅಡಗಿಸಿದಾಗ ಕಚ್ಚುವ ಬಾಯಿಯೇ ಬೀಗವಾಗುತ್ತದೆ. ಕಡಗದ ದುರ್ಬಲ ಜಾಗವೇ ನೋಡುವವರ ಕಣ್ಣು ನಿಲ್ಲುವ ಜಾಗವಾಗಿ ಮಾರ್ಪಡುತ್ತದೆ. ನವಿಲಿನ ಗರಿಯಲ್ಲಿ ಕಣ್ಣು ಕಣ್ಣಾದ ಬಣ್ಣಗಳಿವೆ. ಒಂದೊಂದು ಕಣ್ಣೂ ಒಂದೊಂದು ಕಲ್ಲಿಗೆ ಹಾಸಿದ ಪೀಠ. ಕೆಂಪು, ಪಚ್ಚೆ, ಬಿಳಿಯ ಹರಳುಗಳನ್ನು ಒಂದೇ ಒಡವೆಯಲ್ಲಿ ಗದ್ದಲವಾಗದಂತೆ ಕೂಡಿಸುವುದು ಕಷ್ಟದ ಕೆಲಸ. ನವಿಲು ಅದನ್ನು ಸುಲಭಗೊಳಿಸುತ್ತದೆ. ನಮ್ಮ ಜಿಲ್ಲೆಯ ನವಲಗುಂದದ ಜಮಖಾನೆಗಳಲ್ಲಿ ನೇಯುವ ಹೆಂಗಸರೂ ಇದೇ ಹಕ್ಕಿಯನ್ನು ಹಿಡಿದಿದ್ದಾರೆ. ಊರ ಹೆಸರೇ ನವಿಲಿನದಾಗಿರುವುದು ಅದಕ್ಕೊಂದು ಕಾರಣವಾದರೆ, ಬಣ್ಣಗಳಿಗೆ ಎಡೆಮಾಡಿಕೊಡುವ ಅದರ ಗರಿ ಮತ್ತೊಂದು ಕಾರಣವಿರಬೇಕು.

ಈ ಜಾಣ್ಮೆಯ ತುತ್ತತುದಿಯೆಂದರೆ ಜಡೆನಾಗರ. ತಲೆಯ ಹಿಂಬದಿಯಲ್ಲಿ ಹಲವು ಹೆಡೆಗಳನ್ನು ಬಿಚ್ಚಿ, ಹೆರಳಿನ ಉದ್ದಕ್ಕೂ ಬಿಲ್ಲೆಬಿಲ್ಲೆಯಾಗಿ ಇಳಿದು, ತುದಿಯಲ್ಲಿ ಕುಚ್ಚಾಗಿ ಮುಗಿಯುವ ಈ ಒಡವೆಯಲ್ಲಿ ಹೆರಳು ಯಾವುದು, ಹಾವು ಯಾವುದು ಎಂಬ ಭೇದವೇ ಅಳಿದುಹೋಗುತ್ತದೆ. ಹೆರಳನ್ನು ಕಾಳಸರ್ಪಕ್ಕೆ ಹೋಲಿಸುವುದು ಕವಿಗಳ ಹಳೆಯ ವಾಡಿಕೆ. ಅಕ್ಕಸಾಲಿಗ ಆ ಉಪಮೆಯನ್ನು ಮಾತಿನಿಂದ ಎತ್ತಿ ಬೆನ್ನಮೇಲೆ ತೂಗಹಾಕಿದ್ದಾನೆ. ಹಳೆಯ ಕೆಲಸದಲ್ಲಿ ಚಿನ್ನದ ತೆಳು ತಗಡನ್ನು ಅಚ್ಚಿನ ಮೇಲೆ ಬಡಿದು ಉಬ್ಬುಗೊಳಿಸಿ, ಟೊಳ್ಳಾದ ಒಳಭಾಗಕ್ಕೆ ಅರಗು ತುಂಬಿ, ಕಲ್ಲಿನ ಅಡಿಗೆ ಹೊಳೆಯುವ ತಗಡಿನ ಚೂರನ್ನಿಟ್ಟು, ಸುತ್ತಲೂ ಅಪರಂಜಿಯನ್ನು ಒತ್ತಿ ಕೂರಿಸುತ್ತಿದ್ದರು. ಕಲ್ಲುಗಳು ಇಂದಿನಂತೆ ಹಲವು ಮುಖಗಳಾಗಿ ಸೀಳಿದವಲ್ಲ. ನೀರಿನಲ್ಲಿ ನೆನೆದ ಕಾಳಿನ ಹಾಗೆ ಗುಂಡಗೆ, ನುಣ್ಣಗೆ ಇದ್ದವು. ಎಣ್ಣೆಯ ದೀಪದ ಬೆಳಕಿಗೆ ಅವು ಥಳಥಳಿಸುತ್ತಿರಲಿಲ್ಲ, ಒಳಗೊಳಗೇ ಉರಿಯುತ್ತಿದ್ದವು. ನಾಗರದ ಕಣ್ಣಿಗೆ ಇಂಥ ಕೆಂಪಿನ ಹರಳು ಎಷ್ಟು ಒಪ್ಪುತ್ತದೆಂಬುದನ್ನು ಕಂಡವರೇ ಬಲ್ಲರು. ಬಿಲ್ಲೆಗಳು ಒಂದಕ್ಕೊಂದು ಸಡಿಲವಾಗಿ ಕೂಡಿರುವುದರಿಂದ ತೊಟ್ಟವಳು ನಡೆದಾಗ ಹಾವು ಸರಿಯುತ್ತದೆ. ಇಂದಿನ ಎರಕದ ಮಾದರಿಗಳಲ್ಲಿ ಹೆಡೆಯಿದೆ, ಕಣ್ಣಿದೆ, ಮೇಲೆ ಬೇಕೆಂದೇ ಬಳಿದ ಹಳತಿನ ಕಪ್ಪೂ ಇದೆ. ಆದರೆ ಸರಿಯುವುದಿಲ್ಲ. ಹಳೆಯದನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಅದು ತಟ್ಟನೆ ತಿಳಿಯುತ್ತದೆ.

ಜಡೆನಾಗರದ ಬಗ್ಗೆ ಮತ್ತೊಂದು ಮಾತು ಹೇಳಬೇಕು. ಅದು ತೊಟ್ಟವಳ ಕಣ್ಣಿಗೆ ಬೀಳದ ಒಡವೆ. ಬಳೆಯನ್ನೂ ಉಂಗುರವನ್ನೂ ಹೆಂಗಸು ದಿನಕ್ಕೆ ನೂರು ಸಲ ನೋಡಿಕೊಳ್ಳಬಹುದು; ನಾಗರವನ್ನು ನೋಡುವವರು ಹಿಂದೆ ಇದ್ದವರು. ಬೆನ್ನಿಗೆ ಕಣ್ಣಿಲ್ಲ, ಆದ್ದರಿಂದ ಅಲ್ಲಿ ಒಂದು ಕಾವಲು ಇರಲಿ ಎಂಬ ಭಾವ ಇದರಲ್ಲಿ ಅಡಗಿದೆ ಎಂದು ನಾನು ತಿಳಿದಿದ್ದೇನೆ. ಪಾರ್ಶ್ವನಾಥ ತೀರ್ಥಂಕರರ ಬಿಂಬಗಳನ್ನು ದಿನವೂ ಕಾಣುವ ನಮಗೆ ಈ ಹೆಡೆಯ ಅರ್ಥವನ್ನು ವಿವರಿಸಬೇಕಾದುದಿಲ್ಲ. ಉರಿಯುವ ಕಟ್ಟಿಗೆಯೊಳಗೆ ಸಿಕ್ಕಿಬಿದ್ದ ಹಾವಿಗೆ ಒದಗಿದ ಕರುಣೆಯನ್ನು ಮರೆಯದೆ ಧರಣೇಂದ್ರನು ಬಂದು ಎತ್ತಿದ ಹೆಡೆ ಅದು. ಕಡಿಯುವುದಕ್ಕೆ ಎತ್ತಿದ್ದಲ್ಲ, ಮಳೆಗೆ ಅಡ್ಡ ಹಿಡಿದದ್ದು. ಜಡೆನಾಗರ ಮಾಡಿದ ಅಕ್ಕಸಾಲಿಗ ಈ ಕಥೆಯನ್ನು ಕೇಳಿದ್ದನೋ ಇಲ್ಲವೋ, ಅವನಿಗೆ ಬೇರೆ ಪುರಾಣದ ನಾಗರೇ ಹತ್ತಿರವಾಗಿದ್ದಿರಬಹುದು. ಆದರೆ ಅವನು ಬಿಚ್ಚಿದ ಹೆಡೆಯೂ ಮರೆಮಾಡುವ ಹೆಡೆಯೇ. ಹಾವಿಗೆ ಅಂಜುವ ಮನಸ್ಸೇ ಅದರ ನೆರಳನ್ನು ಬಯಸುತ್ತದೆ. ಅಂಜಿಕೆ, ಅಕ್ಕರೆ ಎರಡೂ ಒಂದೇ ವಸ್ತುವಿನಲ್ಲಿ ಸೇರಿ ನಿಂತಿರುವುದರಿಂದಲೇ ಈ ಒಡವೆ ಇನ್ನೂ ಬಾಡಿಲ್ಲ.

ಹೊರ ದೇಶಗಳಲ್ಲಿಯೂ ಪ್ರಾಣಿರೂಪದ ಒಡವೆಗೆ ಇಂಥದೇ ಆಯುಷ್ಯ ಉಂಟು. ವಿಕ್ಟೋರಿಯಾ ರಾಣಿಗೆ 1839ರಲ್ಲಿ ಆಲ್ಬರ್ಟ್ ಕೊಟ್ಟ ನಿಶ್ಚಿತಾರ್ಥದ ಉಂಗುರ ಪಚ್ಚೆ ಕೂರಿಸಿದ ಹಾವಿನ ಆಕಾರದ್ದು. ಪ್ಯಾರಿಸ್ಸಿನ ಕಾರ್ಟಿಯೇ ಸಂಸ್ಥೆ 1948ರಲ್ಲಿ ವಿಂಡ್ಸರ್ ಡಚೆಸ್ಸಳಿಗಾಗಿ ದೊಡ್ಡದೊಂದು ಪಚ್ಚೆಯ ಮೇಲೆ ಕುಳಿತ ಚಿನ್ನದ ಚಿರತೆಯನ್ನು ಮಾಡಿತು. ಮರುವರ್ಷ 152 ಕ್ಯಾರಟ್ಟಿಗೂ ಮೀರಿದ ಕಾಶ್ಮೀರದ ನೀಲಮಣಿಯ ಮೇಲೆ ಮತ್ತೊಂದನ್ನು ಕೂರಿಸಿತು. ಅದೇ ಡಚೆಸ್ಸಳ ಚಿರತೆಯ ಕೈಕಡಗವೊಂದು 2010ರಲ್ಲಿ ಲಂಡನ್ನಿನ ಹರಾಜಿನಲ್ಲಿ 45 ಲಕ್ಷ ಪೌಂಡಿಗೆ ಹೋಯಿತು. ಕೈಚಳಕದಲ್ಲಿ ಇವು ಅಸಾಧಾರಣ ಕೃತಿಗಳೆಂಬುದರಲ್ಲಿ ಸಂದೇಹವಿಲ್ಲ. ಆದರೂ ಆ ಚಿರತೆ ರತ್ನದ ಮೇಲೆ ಪಂಜವೂರಿ ಕುಳಿತಿರುವ ಭಂಗಿಯಲ್ಲಿ ಸಿರಿವಂತಿಕೆಯ ದರ್ಪ ನನಗೆ ಕಾಣುತ್ತದೆ. ಅದು ಯಾರಿಗೂ ನೆರಳಾಗುವ ಪ್ರಾಣಿಯಲ್ಲ.

ದರ್ಪದ ಪ್ರಾಣಿಗಳನ್ನು ಹುಡುಕಲು ಪ್ಯಾರಿಸ್ಸಿಗೆ ಹೋಗಬೇಕಾದುದೂ ಇಲ್ಲ. ಗಂಡಭೇರುಂಡವನ್ನೇ ನೋಡಿರಿ. ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಕಂಬದ ಮೇಲೆ ಅದು ಮನುಷ್ಯದೇಹ ಹೊತ್ತು ನಿಂತಿದೆ. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯದಲ್ಲಿ ಕೊಕ್ಕು ಪಂಜಗಳಲ್ಲಿ ಆನೆಗಳನ್ನು ಎತ್ತಿಕೊಂಡು ಹಾರುತ್ತದೆ. ಮೈಸೂರು ಒಡೆಯರ ಕಾಲಕ್ಕೆ ರಾಜಲಾಂಛನವಾಗಿ, ಪದಕವಾಗಿ ಎದೆಗೇರಿತು. ಟಿಪ್ಪು ಸುಲ್ತಾನನ ಸಿಂಹಾಸನದ ಕಟಕಟೆಯ ಮೇಲೆ ಎಂಟು ಹುಲಿಯ ತಲೆಗಳಿದ್ದವು. ಅರಗಿನ ತಿರುಳಿನ ಮೇಲೆ ಚಿನ್ನ ಹೊದಿಸಿ, ಕೆಂಪು, ವಜ್ರ, ಪಚ್ಚೆಗಳನ್ನು ಕೆತ್ತಿ ಕೂರಿಸಿದ ಆ ತಲೆಗಳು ಕನ್ನಡನಾಡಿನ ನೆಲದಲ್ಲಿ ಮಾಡಿದ ಪ್ರಾಣಿರೂಪದ ಕೆಲಸಗಳಲ್ಲಿ ಶ್ರೇಷ್ಠವಾದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ವಿಜೇತರು ಆ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಮೇಲಿದ್ದ ರತ್ನಖಚಿತ ಹುಮಾ ಪಕ್ಷಿ ಇಂಗ್ಲೆಂಡಿನ ಅರಸನಿಗೆ ಹೋಯಿತು. ಹುಲಿಯ ತಲೆಗಳಲ್ಲಿ ಒಂದು 2009ರಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 3 ಲಕ್ಷ 90 ಸಾವಿರ ಪೌಂಡಿಗೆ ಮಾರಾಟವಾಯಿತು. ಮತ್ತೊಂದರ ಬೆಲೆಯನ್ನು 2021ರಲ್ಲಿ 15 ಲಕ್ಷ ಪೌಂಡೆಂದು ಕಟ್ಟಿ, ಅದು ತಮ್ಮ ದೇಶ ಬಿಟ್ಟು ಹೋಗದಂತೆ ಬ್ರಿಟಿಷ್ ಸರ್ಕಾರವೇ ತಾತ್ಕಾಲಿಕವಾಗಿ ತಡೆಹಿಡಿಯಿತು! ಕೊಳ್ಳೆಹೊಡೆದ ವಸ್ತುವನ್ನು ರಾಷ್ಟ್ರದ ಸಂಪತ್ತೆಂದು ಕಾಯುವ ಈ ವಿನೋದ ಇಲ್ಲಿನ ವಿಷಯವಲ್ಲ. ನಾನು ಹೇಳಬೇಕಾದದ್ದು ಇಷ್ಟು: ಅರಮನೆಯ ಪ್ರಾಣಿ ಹಿಡಿಯುತ್ತದೆ, ಹರಿಯುತ್ತದೆ, ಮನೆಯ ಪ್ರಾಣಿ ಸುತ್ತಿಕೊಳ್ಳುತ್ತದೆ, ಜೊತೆಯಾಗಿ ನಿಲ್ಲುತ್ತದೆ. ಹಾಗಿದ್ದರೂ ಎರಡು ಕಡೆಯೂ ಪ್ರಾಣಿ ಕೇವಲ ರೂಪವಾಗಿದೆ. ಟಿಪ್ಪುವಿನ ಅಕ್ಕಸಾಲಿಗ ಹುಲಿಯ ಮೊಗವನ್ನು ನೋಡಿ, ಅದರ ದವಡೆ, ಮೀಸೆ, ಪಟ್ಟೆಗಳನ್ನು ಚಿನ್ನದಲ್ಲಿ ಹೇಗೆ ಹೇಳಲಿ ಎಂದು ಚಿಂತಿಸಿದ. ಆ ಚಿಂತನೆಯೇ ಕಲೆ.

ಹುಲಿಯ ಉಗುರಿನ ವಿಚಾರ ಬೇರೆ. ನಮ್ಮ ಅಳ್ನಾವರದಲ್ಲಿ ನಿಂತು ಇದನ್ನು ಬರೆಯುವಾಗ ಅದನ್ನು ದಾಟಿ ಹೋಗುವಂತಿಲ್ಲ. ಊರಿನ ಮೂಡಲಿಗೆ ಧಾರವಾಡದ ಬಯಲು. ತೆಂಕಲಿಗೆ ಹಳಿಯಾಳ, ದಾಂಡೇಲಿಗಳ ಕಾಡು. ದಾಂಡೇಲಿಯ ಕಡೆಗೆ ಕವಲೊಡೆಯುವ ರೈಲುದಾರಿಯಲ್ಲಿ ಒಂದು ಕಾಲಕ್ಕೆ ಆ ಕಾಡಿನ ಮರವೆಲ್ಲ ಇಲ್ಲಿಗೆ ಬಂದು ಇಳಿಯುತ್ತಿತ್ತು. ಅದೇ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಿಂದ ಅದಕ್ಕೆ ಕಾಳಿ ನದಿಯ ಹೆಸರಿದೆ. ಹುಲಿ ಕೊಂದವರಿಗೆ ಬಹುಮಾನ ಕೊಡುತ್ತಿದ್ದ ಬ್ರಿಟಿಷ್ ಆಡಳಿತದ ಕಾಲದಲ್ಲಿ ಉಗುರು ದೊರೆಯುವುದು ಕಷ್ಟವಾಗಿರಲಿಲ್ಲ. ಎರಡು ಉಗುರುಗಳನ್ನು ಚಂದ್ರಾಕಾರವಾಗಿ ಜೋಡಿಸಿ, ಬುಡಕ್ಕೆ ಚಿನ್ನದ ಕಟ್ಟು ಹಾಕಿ, ನಡುವೆ ಒಂದು ಹರಳನ್ನೋ ಪುಟ್ಟ ಪ್ರತಿಮೆಯನ್ನೋ ಇಟ್ಟು ಕೂಸಿನ ಕೊರಳಿಗೆ ಕಟ್ಟುವುದು ಬಹಳ ಹಳೆಯ ಪದ್ಧತಿ. ದೃಷ್ಟಿ ತಾಗಬಾರದು, ರಾತ್ರಿ ಬೆಚ್ಚಬಾರದು, ಹುಲಿಯ ಧೈರ್ಯ ಬರಬೇಕು ಎಂಬ ತಾಯಂದಿರ ಹಾರೈಕೆಯನ್ನು ಹಗುರಾಗಿ ಕಾಣುವ ಮನಸ್ಸು ನನ್ನದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿದ್ದ ಇಂಗ್ಲಿಷರೂ ಇದಕ್ಕೆ ಮರುಳಾಗಿ ಉಗುರುಗಳಿಗೆ ಚಿನ್ನದ ಅಂಚು ಕಟ್ಟಿಸಿ ತಮ್ಮ ಮಡದಿಯರ ಉಡುಪಿಗೆ ಸಿಕ್ಕಿಸಿದರು. ಅವರಿಗೆ ಅದು ಶಿಕಾರಿಯ ಗುರುತು. ನಮ್ಮ ತಾಯಂದಿರಿಗೆ ರಕ್ಷೆ.

ಆದರೆ ಒಡವೆಯಾಗಿ ಅದನ್ನು ನೋಡಿದರೆ ಅಲ್ಲಿ ಕೃತಿಯೇ ಇಲ್ಲವೆನ್ನದೆ ವಿಧಿಯಿಲ್ಲ. ಪತ್ತಾರನಿಗೆ ಅಲ್ಲಿ ಅಂಚು ಕಟ್ಟುವುದೊಂದೇ ಕೆಲಸ. ಅವನು ಹುಲಿಯನ್ನು ನೋಡಬೇಕಾಗಿಲ್ಲ, ಊಹಿಸಬೇಕಾಗಿಯೂ ಇಲ್ಲ. ನಾಗರವನ್ನು ಮಾಡುವುದಕ್ಕೆ ಹಾವಿನ ಮೈಯ ಬಳುಕು ಅವನ ಬೆರಳಿಗೆ ತಿಳಿದಿರಬೇಕು; ಉಗುರಿಗೆ ಕಟ್ಟು ಹಾಕಲು ಅಳತೆ ತಿಳಿದರೆ ಸಾಕು. ಹುಲಿಗೆ ಮುಂಗಾಲುಗಳಲ್ಲಿ ಐದೈದು, ಹಿಂಗಾಲುಗಳಲ್ಲಿ ನಾಲ್ಕು ನಾಲ್ಕು, ಒಟ್ಟು 18 ಉಗುರುಗಳು. ಜೋಡಿಯುಗುರಿನ ಪದಕಗಳಾದರೆ ಒಂಬತ್ತು. ಒಂಬತ್ತು ಕೂಸುಗಳ ಧೈರ್ಯಕ್ಕೆ ಒಂದು ಹುಲಿ. ರೂಪದಲ್ಲಿ ಪ್ರಾಣಿಯನ್ನು ತೊಡುವುದಕ್ಕೂ ಅಂಗದಲ್ಲಿ ಪ್ರಾಣಿಯನ್ನು ತೊಡುವುದಕ್ಕೂ ಇರುವ ಅಂತರ ಇಲ್ಲಿದೆ. ಆನೆಯ ಬಾಲದ ಕೂದಲಿಗೆ ಚಿನ್ನ ಸುತ್ತಿದ ಉಂಗುರ, ದಂತದ ಬಳೆ ಇವೂ ಇದೇ ಸಾಲಿಗೆ ಸೇರುತ್ತವೆ.

ನಮ್ಮ ಪ್ರಾಚೀನರು ಈ ಅಂತರವನ್ನು ಬಲು ಸೂಕ್ಷ್ಮವಾಗಿ ಗುರುತಿಸಿದ್ದರು. ಶ್ರಾವಕನು ಬಿಡಬೇಕಾದ ಹದಿನೈದು ವೃತ್ತಿಗಳಲ್ಲಿ ದಂತವಾಣಿಜ್ಯವೂ ಒಂದು. ಹೆಸರು ದಂತದ್ದಾದರೂ ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ತಮ್ಮ ಯೋಗಶಾಸ್ತ್ರದಲ್ಲಿ ಅದರ ವ್ಯಾಪ್ತಿಯೊಳಗೆ ಕೂದಲು, ಉಗುರು, ಎಲುಬು, ಚರ್ಮ, ರೋಮಗಳನ್ನು ಸೇರಿಸಿದ್ದಾರೆ. ಅವುಗಳನ್ನು ದೊರೆಯುವ ನೆಲೆಯಲ್ಲೇ ಹೋಗಿ ಕೊಳ್ಳುವುದನ್ನು ವಿಶೇಷವಾಗಿ ಎತ್ತಿ ಹೇಳಿದ್ದಾರೆ. ಕಾರಣವನ್ನು ಆವಶ್ಯಕ ಸೂತ್ರದ ವ್ಯಾಖ್ಯಾನ ಪರಂಪರೆ ಬಿಡಿಸಿಡುತ್ತದೆ. ವ್ಯಾಪಾರಿ ಪುಳಿಂದರಿಗೆ ಮುಂಗಡವಾಗಿ ಹಣ ಕೊಟ್ಟು ದಂತ ತಂದುಕೊಡಿರೆಂದು ಹೇಳುತ್ತಾನೆ. ಅವರು ಹೋಗಿ ಆನೆಯನ್ನು ಕೊಲ್ಲುತ್ತಾರೆ. ಕೊಂದವನು ಕಾಡಿನಲ್ಲಿದ್ದರೂ ಕೊಲೆಯ ಮೊದಲ ಹೆಜ್ಜೆ ಅಂಗಡಿಯಲ್ಲಿ ಬಿದ್ದಿತ್ತು ಎಂಬ ಈ ವಿವೇಚನೆ ಎಷ್ಟೋ ಶತಮಾನಗಳ ಹಿಂದಿನದು. ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ.

ಇಲ್ಲಿ ಜಾಣ ವಾಚಕರು ಒಂದು ಆಕ್ಷೇಪವನ್ನು ಎತ್ತದೆ ಇರಲಾರರು. ನಾಗರದ ಹೊಟ್ಟೆಯಲ್ಲಿ ತುಂಬಿದ ಅರಗು ಎಲ್ಲಿಂದ ಬಂತು? ಮರದ ರೆಂಬೆಗಳ ಮೇಲೆ ಕೋಟಿಗಟ್ಟಲೆ ಕ್ರಿಮಿಗಳು ಸ್ರವಿಸಿದ್ದಲ್ಲವೇ? ಆ ಹದಿನೈದರ ಪಟ್ಟಿಯಲ್ಲಿಯೇ ಲಾಕ್ಷಾವಾಣಿಜ್ಯವೂ ಇದೆಯಲ್ಲವೇ? ಮುತ್ತು, ಹವಳಗಳ ಮಾತೇನು? ಆಕ್ಷೇಪ ನಿಜ, ಅದಕ್ಕೆ ಪೂರ್ಣ ಸಮಾಧಾನ ನನ್ನಲ್ಲಿಲ್ಲ. ಹಳೆಯ ಒಡವೆಯೊಂದೂ ಹಿಂಸೆಯ ಸೋಂಕಿಲ್ಲದೆ ಹುಟ್ಟಿಲ್ಲ. ಗಣಿಯಿಂದ ಬಂದ ಚಿನ್ನವೂ ಅಷ್ಟೇ. ಆದರೆ ಸೋಂಕಿನಲ್ಲಿ ತರತಮವಿದೆ. ನಾಗರದಲ್ಲಿ ಅರಗು ಕಾಣದ ಹಾಗೆ ಒಳಗಿದೆ, ಅದನ್ನು ತೋರಿಸಿಕೊಳ್ಳಬೇಕೆಂದು ಯಾರೂ ತೊಡುವುದಿಲ್ಲ. ಅದರ ಬದಲು ಬೇರೆ ತಿರುಳನ್ನು ತುಂಬಿದರೂ ನಾಗರ ನಾಗರವೇ. ಹುಲಿಯುಗುರಿನ ಪದಕದಿಂದ ಉಗುರನ್ನು ತೆಗೆದರೆ ಉಳಿಯುವುದು ಎರಡು ಬರಿಯ ಕುಪ್ಪಿಗೆಗಳು.

ಪ್ರಾಣಿಯ ರೂಪಕ್ಕೆ ನಮ್ಮ ಶಿಲ್ಪಿಗಳು ಕೊಟ್ಟ ಅತ್ಯಂತ ಗೌರವದ ಸ್ಥಾನವನ್ನೂ ಇಲ್ಲಿ ನೆನೆಯಬೇಕು. ದಿಗಂಬರ ಜಿನಬಿಂಬಕ್ಕೆ ಒಡವೆಯಿಲ್ಲ. ಕೊರಳು ಬರಿದು, ತೋಳು ಬರಿದು, ಕಿವಿ ಬರಿದು. ಇಪ್ಪತ್ತನಾಲ್ವರ ಬಿಂಬಗಳೂ ಬಹುಮಟ್ಟಿಗೆ ಒಂದೇ ಬಗೆ. ಯಾರು ಯಾರೆಂದು ತಿಳಿಯುವುದು ಪೀಠದ ಮೇಲಿನ ಲಾಂಛನದಿಂದ: ವೃಷಭವಾದರೆ ಆದಿನಾಥ, ಆನೆಯಾದರೆ ಅಜಿತ, ಕಪಿಯಾದರೆ ಅಭಿನಂದನ, ಜಿಂಕೆಯಾದರೆ ಶಾಂತಿ, ಆಮೆಯಾದರೆ ಮುನಿಸುವ್ರತ, ಸಿಂಹವಾದರೆ ಮಹಾವೀರ. ಕಾಡುಹಂದಿ, ಕೋಣ, ಆಡುಗಳಿಗೂ ಅಲ್ಲಿ ಸ್ಥಳವುಂಟು. ಅಕ್ಕಸಾಲಿಗನು ಹಂಸ ನವಿಲುಗಳ ಚೆಲುವಿಗೆ ಒಲಿದನೇ ಹೊರತು ಕೋಣನ ಕಡೆ ತಿರುಗಿ ನೋಡಲಿಲ್ಲ; ಶಿಲ್ಪಿಗೆ ಆ ಭೇದವಿರಲಿಲ್ಲ. ಅಲ್ಲಿ ಪ್ರಾಣಿ ಅಲಂಕಾರವಲ್ಲ, ಹೆಸರು. ಅದನ್ನು ಅಳಿಸಿದರೆ ಬಿಂಬ ಯಾರದೆಂದು ಹೇಳಲು ಬಾರದು. ಇನ್ನು ನೇಮಿನಾಥರ ಪ್ರಸಂಗವಂತೂ ನಮ್ಮ ವಿಷಯಕ್ಕೆ ನೇರವಾಗಿ ಸಲ್ಲುತ್ತದೆ. ಮದುವಣಿಗನಾಗಿ ಹೊರಟವನು ಮದುವೆಯ ಊಟಕ್ಕೆಂದು ಕೂಡಿಹಾಕಿದ ಪ್ರಾಣಿಗಳ ಮೊರೆ ಕೇಳಿ ಹಿಂದಿರುಗಿದ ಕಥೆ ಎಲ್ಲರಿಗೂ ಗೊತ್ತು. ಉತ್ತರಾಧ್ಯಯನ ಸೂತ್ರದ ನಿರೂಪಣೆಯಲ್ಲಿ ಮತ್ತೊಂದು ವಿವರವಿದೆ: ಆತ ತನ್ನ ಕುಂಡಲಗಳನ್ನೂ ಮೈಮೇಲಿನ ಸಕಲ ಆಭರಣಗಳನ್ನೂ ಬಿಚ್ಚಿ ಸಾರಥಿಗೆ ಕೊಟ್ಟನು. ಪ್ರಾಣಿಯ ಸಂಕಟ ಕಿವಿಗೆ ಬಿದ್ದ ಗಳಿಗೆಯಲ್ಲಿಯೇ ಕಿವಿಯ ಒಡವೆ ಕಳಚಿತು.

ಇಷ್ಟರಿಂದ ‘ರೂಪ ನಿರ್ದೋಷ, ಅಂಗ ಸದೋಷ’ ಎಂದು ಗೆರೆ ಎಳೆದು ಸುಮ್ಮನಾಗಬಹುದಿತ್ತು. ಈಚಿನ ಒಂದು ಘಟನೆ ಹಾಗೆ ಸುಮ್ಮನಿರಲು ಬಿಡುವುದಿಲ್ಲ. 2023ರ ಅಕ್ಟೋಬರಿನಲ್ಲಿ ಕನ್ನಡದ ಜನಪ್ರಿಯ ದೂರದರ್ಶನ ಸ್ಪರ್ಧೆಯೊಂದರಲ್ಲಿ ಭಾಗವಹಿಸಿದ್ದ ವ್ಯಕ್ತಿ ಕೊರಳಲ್ಲಿ ಹುಲಿಯುಗುರಿನ ಪದಕ ಧರಿಸಿದ್ದನ್ನು ನೋಡಿ ಅರಣ್ಯ ಇಲಾಖೆಯವರು ಬಂಧಿಸಿದರು. ಆ ಬಳಿಕ ಚಿತ್ರನಟರು, ರಾಜಕಾರಣಿಗಳ ಮನೆಯವರು, ಮತ್ತಿತರ ಹೆಸರಾಂತ ವ್ಯಕ್ತಿಗಳ ಕೊರಳ ಪದಕಗಳೂ ತಪಾಸಣೆಗೆ ಒಳಗಾದವು. ಎಷ್ಟೋ ಮಂದಿ ತಮ್ಮದು ಅಸಲಿಯಲ್ಲ, ಕೃತಕವಾದದ್ದು ಎಂದರು. ಪದಕಗಳು ಪ್ರಯೋಗಾಲಯಕ್ಕೆ ಹೋದವು. ಇಂಥ ವಸ್ತುಗಳನ್ನು ಘೋಷಿಸಿಕೊಳ್ಳಲು ಕೇಂದ್ರ ಸರ್ಕಾರ 2003ರಲ್ಲಿಯೇ ಆರು ತಿಂಗಳ ಅವಧಿ ಕೊಟ್ಟಿತ್ತು. ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಅವುಗಳನ್ನು ಹಿಂದಿರುಗಿಸಲು ಮೂರು ತಿಂಗಳ ಅವಕಾಶವನ್ನು ಪ್ರಕಟಿಸಿತು. ಮನೆಮನೆಗಳಲ್ಲಿ ಅಜ್ಜನ ಕಾಲದ ತಾಯಿತಗಳನ್ನು ಹೊರತೆಗೆದು ದಿಗಿಲಿನಿಂದ ನೋಡಿದ ದಿನಗಳವು.

ನನ್ನ ಗಮನ ಸೆಳೆದದ್ದು ಕೃತಕ ಉಗುರು. ದನದ ಕೊಂಬನ್ನು ಕೆತ್ತಿ, ಇಲ್ಲವೇ ಪ್ಲಾಸ್ಟಿಕ್ಕಿನಲ್ಲಿ ಎರಕಹೊಯ್ದು ಮಾಡುವ ಈ ಉಗುರುಗಳಿಂದ ಯಾವ ಹುಲಿಯೂ ಸತ್ತಿಲ್ಲ. ಕಾಯ್ದೆಯೂ ಪ್ಲಾಸ್ಟಿಕ್ಕನ್ನು ಶಿಕ್ಷಿಸದು. ಹಾಗಾದರೆ ಅದೂ ನಾಗರದಂತೆ ಬರಿಯ ರೂಪವೇ ಅಲ್ಲವೇ? ಇಲ್ಲಿ ನಮಗೆ ದಾರಿ ತೋರಬೇಕಾದವನು ಜನ್ನ. 1209ರಲ್ಲಿ ಅವನು ಬರೆದ ಯಶೋಧರ ಚರಿತೆಯಲ್ಲಿ ಜೀವಂತ ಕೋಳಿಯನ್ನು ಬಲಿಗೊಡಲು ಒಪ್ಪದ ಯಶೋಧರ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಕತ್ತಿ ಬಿದ್ದಾಗ ಅದು ಕೂಗುತ್ತದೆ. ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನವೆಯುತ್ತಾರೆ. ಸಂಕಲ್ಪದಿಂದಲೇ ಹಿಂಸೆ ಪೂರ್ಣವಾಗುತ್ತದೆಂಬ ಈ ಕಠೋರ ನಿಲುವು ಗಿರೀಶ ಕಾರ್ನಾಡರನ್ನೂ ಬಿಡದೆ ಕಾಡಿ ‘ಹಿಟ್ಟಿನ ಹುಂಜ’ ನಾಟಕವಾಯಿತು. ಹಿಟ್ಟಿನ ಕೋಳಿಯೂ ರೂಪವೇ. ಅದನ್ನು ದೋಷಕ್ಕೆ ಗುರಿಮಾಡಿದ್ದು ಅದು ಯಾವ ಕೆಲಸಕ್ಕಾಗಿ ರೂಪುಗೊಂಡಿತು ಎಂಬ ಅಂಶ. ಕಡಿಯುವುದಕ್ಕಾಗಿ ಮಾಡಿದ ಕೋಳಿ ಅದು.

ಕೃತಕ ಹುಲಿಯುಗುರನ್ನೂ ಇದೇ ಒರೆಗೆ ಹಚ್ಚಬೇಕು. ಅದು ಅನುಕರಿಸುವುದು ಹುಲಿಯನ್ನಲ್ಲ, ಕೊಂದ ಹುಲಿಯಿಂದ ಕಿತ್ತ ಉಗುರನ್ನು. ಯಾರಾದರೂ ಅದನ್ನು ಅಸಲಿಯೆಂದು ನಂಬಿದಾಗಲೇ ತೊಟ್ಟವನಿಗೆ ತೃಪ್ತಿ. ಚಿನ್ನದ ನಾಗರವನ್ನು ಕಂಡು ಇದಕ್ಕಾಗಿ ಹಾವು ಸತ್ತಿದೆಯೆಂದು ಯಾರೂ ಭ್ರಮಿಸುವುದಿಲ್ಲ. ಭ್ರಮಿಸಲೆಂದು ತೊಟ್ಟವಳು ಬಯಸುವುದೂ ಇಲ್ಲ. ಆದ್ದರಿಂದ ಪ್ಲಾಸ್ಟಿಕ್ಕಿನ ಉಗುರು ಕೊರಳಿಗೆ ತೂಗಿದ ಹಿಟ್ಟಿನ ಕೋಳಿಯೆಂದು ನಾನು ತಿಳಿಯುತ್ತೇನೆ. ಇದು ತೀರ ಬಿಗಿಯಾದ ಮಾತೆಂದು ಕೆಲವರಿಗೆ ತೋರಬಹುದು. ಆದರೆ ಅಸಲಿ ಉಗುರನ್ನು ಇಲಾಖೆಗೆ ಒಪ್ಪಿಸಿ ಬಂದು, ಅದೇ ಕುಪ್ಪಿಗೆಗಳಿಗೆ ಅಂಥದೇ ಕೊಂಬಿನ ಉಗುರನ್ನು ಕೂರಿಸಿಕೊಡಿರೆಂದು ಪತ್ತಾರನನ್ನು ಕೇಳುವುದರಲ್ಲಿ ಮನಸ್ಸು ಬದಲಾಗಿದೆಯೆಂದು ನಂಬುವುದು ಹೇಗೆ?

ಅದಕ್ಕಿಂತ ನನಗೆ ಚಿಂತೆಯಾಗಿರುವುದು ಬೇರೊಂದು. ಹಳೆಯ ಪೆಟ್ಟಿಗೆಗಳಿಂದ ಇಂದು ಹೊರಹೋಗುತ್ತಿರುವುದು ನಾಗರ, ಉಳಿಯುತ್ತಿರುವುದು ಉಗುರು. ಕಾರಣ ಸರಳ. ನಾಗರವನ್ನು ಕರಗಿಸಬಹುದು, ಉಗುರು ಕರಗುವುದಿಲ್ಲ. 2025ರಲ್ಲಿ ಹತ್ತು ಗ್ರಾಂ ಚಿನ್ನ ಒಂದು ಲಕ್ಷ ರೂಪಾಯಿಯನ್ನು ದಾಟಿದ ಮೇಲೆ ಹಳೆಯ ಒಡವೆ ಕೊಟ್ಟು ಹೊಸದು ತರುವ ಆತುರ ಮನೆಗಳಲ್ಲಿ ಹೆಚ್ಚಿದೆ. ಮದುವೆ, ಓದು, ಆಸ್ಪತ್ರೆಗಳ ಖರ್ಚಿಗೆ ಮಾರುವವರನ್ನು ಯಾರೂ ದೂರಲಾಗದು. ಆದರೆ ಎಷ್ಟೋ ಮನೆಗಳಲ್ಲಿ ಅಂಥ ಒತ್ತಡವೂ ಇಲ್ಲ. ‘ಈಗ ಯಾರು ಹಾಕಿಕೊಳ್ಳುತ್ತಾರೆ?’ ಎಂಬ ಒಂದು ಮಾತು ಸಾಕಾಗುತ್ತದೆ. 2021ರ ಜೂನ್‌ನಿಂದ ಅಂಗಡಿಗಳಲ್ಲಿ ಮಾರುವ ಒಡವೆಗೆ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗಿದೆ. ಅದು ಕೊಳ್ಳುವವರ ಹಿತಕ್ಕಾಗಿ ಬಂದ ಒಳ್ಳೆಯ ನಿಯಮ, ಮನೆಯಲ್ಲಿರುವ ಹಳೆಯ ಒಡವೆಗೆ ಅದರಿಂದ ಬಾಧಕವಿಲ್ಲ. ಆದರೂ ಮುದ್ರೆಯಿಲ್ಲದ್ದು ಕೆಲಸಕ್ಕೆ ಬಾರದ್ದು ಎಂಬ ತಪ್ಪು ತಿಳಿವಳಿಕೆ ಹಬ್ಬಿದೆ. ವಿಪರ್ಯಾಸವೆಂದರೆ ಕರಗಿಸಿ ಬಂದ ಹಣಕ್ಕೆ ಕೊಳ್ಳುವುದು ಮತ್ತೆ ‘ಆಂಟಿಕ್’ ನಾಗರವನ್ನೇ, ಎರಕದ್ದನ್ನು.

ಕರಗಿಸುವ ಕ್ರಮ ತಿಳಿದವರಿಗೆ ಈ ಮಾತಿನ ನೋವು ಅರ್ಥವಾದೀತು. ಮೊದಲು ಬಿಸಿಗೆ ಹಿಡಿದು ಅರಗನ್ನು ಹೊರತೆಗೆಯುತ್ತಾರೆ. ತಗಡಿನ ಮೇಲಿನ ಉಬ್ಬುಗಳು ಆಗಲೇ ತಗ್ಗುತ್ತವೆ. ಆಮೇಲೆ ಕಲ್ಲುಗಳನ್ನು ಒಂದೊಂದಾಗಿ ಕೀಳುತ್ತಾರೆ. ಗುಂಡಗಿನ ಹಳೆಯ ಕೆಂಪುಗಳಿಗೆ ಅಂಗಡಿಯಲ್ಲಿ ಬೆಲೆಯಿಲ್ಲ. ಅವನ್ನು ಒಂದು ಕಾಗದದ ಪೊಟ್ಟಣದಲ್ಲಿ ಕಟ್ಟಿ ಮನೆಯವರಿಗೆ ಹಿಂದಕ್ಕೆ ಕೊಡುತ್ತಾರೆ, ಇಲ್ಲವೇ ಅವರೇ ಬೇಡವೆನ್ನುತ್ತಾರೆ. ಅರಗಿನ ತೂಕ, ಕಲ್ಲಿನ ತೂಕ ಎರಡನ್ನೂ ಕಳೆದು ಉಳಿದ ಚಿನ್ನಕ್ಕೆ ಚೀಟಿ ಬರೆಯುತ್ತಾರೆ. ಆ ಪೊಟ್ಟಣ ದೇವರ ಗೂಡಿನಲ್ಲಿಯೋ ಕಪಾಟಿನ ಮೂಲೆಯಲ್ಲಿಯೋ ಹುಲಿಯುಗುರಿನ ಪಕ್ಕಕ್ಕೆ ಹೋಗಿ ಕೂರುತ್ತದೆ. ಅದರೊಳಗೆ ಹೆಡೆಯದಾವುದು, ಬಿಲ್ಲೆಯದಾವುದು, ಕಣ್ಣಿನದಾವುದು ಎಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ.